ಕಮಲಾ ಖಾನಳ ಬಳಗ

ಮನೆಯ ಹೆಣ್ಣುಮಗು ಮೂಲೆಯಲ್ಲಿ ಕುಳಿತು ಫೋನಿನಲ್ಲಿ ಏನನ್ನೋ ಬರೆಯುತ್ತಿದ್ದರೆ, ಹಿರಿಯರಾದವರಿಗೆ ಅದು ಕಾಲಹರಣವೆಂದೇ ತೋರುವುದು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಅಮೆರಿಕದ ಒಂದು ಚಿತ್ರಕಥಾಮಾಲೆಯನ್ನು ಓದಿದ ಮೇಲೆ ನಮ್ಮ ಅಭಿಪ್ರಾಯವು ಬದಲಾಯಿತು.

ಮಾರ್ವೆಲ್ ಪ್ರಕಾಶನವು 2014ರಲ್ಲಿ ಆರಂಭಿಸಿದ ಆ 'ಮಿಸ್ ಮಾರ್ವೆಲ್' ಮಾಲೆಯ ನಾಯಿಕೆ ಕಮಲಾ ಖಾನ್. 16 ವರ್ಷದ ಬಾಲಿಕೆ. ಜೆರ್ಸಿ ನಗರದಲ್ಲಿ ವಾಸ. ತಂದೆತಾಯಿಗಳು ಪಾಕಿಸ್ತಾನದಿಂದ ಹೋಗಿ ನೆಲೆಸಿದವರು. ಹೆಸರನ್ನು ಕೇಳಿದೊಡನೆ ಸಂಸ್ಕೃತವನ್ನು ಓದಿದ ನಮಗೆ ತಾವರೆಯ ನೆನಪಾಯಿತು. ಆದರೆ ಇಲ್ಲಿ ಮೂಲವು ಅರಬ್ಬಿಯ 'ಕಮಾಲ್', ಪರಿಪೂರ್ಣತೆ ಎಂದರ್ಥ.

ಈ ಹುಡುಗಿಗೆ ಮನೆಯಲ್ಲಿ ವಿಧಿನಿಷೇಧಗಳು, ಹೊರಗೆ ಪರಿಹಾಸ. ಸಂತೋಷಕೂಟವೊಂದರಲ್ಲಿ ಸಹಪಾಠಿಗಳು ಹಣ್ಣಿನ ರಸದಲ್ಲಿ ಮದ್ಯವನ್ನು ಬೆರೆಸಿ ಕೊಟ್ಟು ನಗುವರು. ಆಕೆಗೆ ಸಮಾಧಾನವು ದೊರೆಯುವುದು ಅಂತರ್ಜಾಲದ ಅಭಿಮಾನಿಗಳ ಬಳಗದಲ್ಲಿ. 'ಅವೆಂಜರ್ಸ್' ಎಂಬ ವೀರರನ್ನು ಕುರಿತು ತಾನೇ ಕಥೆಗಳನ್ನು ಹೆಣೆದು ಅಲ್ಲಿ ಪ್ರಕಟಿಸುವಳು. ಅಲ್ಲಿ ಕುಲಗೋತ್ರಗಳನ್ನು ವಿಚಾರಿಸುವವರಿಲ್ಲ. ಕಥೆಯು ಸೊಗಸಾಗಿದೆಯೇ ಎಂಬುದೊಂದೇ ವಿಚಾರ.

ಅದ್ಭುತಶಕ್ತಿಯು ಲಭಿಸಿದಾಗ ಆಕೆ ಮೊದಲು ತಾಳುವುದು ತನ್ನ ಆರಾಧ್ಯಳಾದ ಕ್ಯಾರಲ್ ಡ್ಯಾನ್ವರ್ಸಳ ರೂಪವನ್ನು: ಬಿಳಿಯ ಮೈ, ಹೊಂಗೂದಲು. ಆದರೆ ಪರರೂಪದಲ್ಲಿ ಸುಖವೆಲ್ಲಿಯದು? ಕಡೆಗೆ ಮೈಮುಚ್ಚುವ ಈಜುಡುಗೆಯಾದ ಬುರ್ಕಿನಿಯನ್ನೇ ವೀರವೇಷವಾಗಿ ಮಾರ್ಪಡಿಸಿಕೊಂಡು ನಿಜರೂಪದಲ್ಲಿ ಹೊರಡುವಳು.

ಸಂಪಾದಕಿ ಸನಾ ಅಮಾನತ್, ಕಥೆಗಾರ್ತಿ ಜಿ. ವಿಲ್ಲೋ ವಿಲ್ಸನ್ ಇಬ್ಬರೂ ಮುಸಲ್ಮಾನ ಮಹಿಳೆಯರು. ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿಯು ಬಂದಿತು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಬಸ್ಸುಗಳ ಮೇಲೆ ಇಸ್ಲಾಮನ್ನು ನಿಂದಿಸುವ ಜಾಹೀರಾತುಗಳು ಕಾಣಿಸಿಕೊಂಡಾಗ, ಅವುಗಳ ಮೇಲೆ ಕಮಲಾಳ ಚಿತ್ರಗಳನ್ನು ಅಂಟಿಸಿದವರುಂಟು.

ಕಥೆಗಿಂತಲೂ ನಿಜಸಂಗತಿಯೇ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯಿತು. ಕರಾಚಿಯಲ್ಲಿ ಜನಿಸಿ ಕೆನಡಾದಲ್ಲಿ ಬೆಳೆದ ಇಮಾನ್ ವೆಲ್ಲಾನಿ ಎಂಬಾಕೆ ಶಾಲೆಯ ದಿನಗಳಲ್ಲಿಯೇ ಈ ಮಾಲೆಯ ಅಭಿಮಾನಿ. ಹ್ಯಾಲೋವೀನ್ ಹಬ್ಬದಲ್ಲಿ ಕಮಲಾಳ ವೇಷವನ್ನು ಧರಿಸಿದ್ದಳು. ಅದನ್ನು ಹೊಲಿದುಕೊಟ್ಟವರು ಆಕೆಯ ಅಜ್ಜಿ. ಅದೇ ಇಮಾನಳು 2022ರ ದೂರದರ್ಶನ ಧಾರಾವಾಹಿಯಲ್ಲಿ ಕಮಲಾಳಾಗಿ ಅಭಿನಯಿಸಿದಳು. 2023ರಲ್ಲಿ ಕಮಲಾಳ ಹೊಸದೊಂದು ಚಿತ್ರಕಥಾಮಾಲೆಯನ್ನು ಸಹಲೇಖಕಿಯಾಗಿ ಬರೆದಳು.

ಅಂತರ್ಜಾಲದಲ್ಲಿ ಅಪಾಯಗಳಿಲ್ಲವೆಂದು ನಾವು ಹೇಳುವುದಿಲ್ಲ. ಹಿರಿಯರ ಎಚ್ಚರಿಕೆಯು ಅವಶ್ಯವೇ. ಆದರೆ ಮನೆಯಲ್ಲಿ ಕೇಳುವವರಿಲ್ಲದಿದ್ದರೆ ಮಗುವು ಕೇಳುವವರನ್ನು ಹೊರಗೆ ಅರಸುವುದು ಸಹಜ. ಆ ಅಜ್ಜಿಗೆ ಚಿತ್ರಕಥೆಯೆಲ್ಲವೂ ಅರ್ಥವಾಗಿತ್ತೋ ಇಲ್ಲವೋ, ಮೊಮ್ಮಗಳಿಗಾಗಿ ಸೂಜಿದಾರವನ್ನು ಹಿಡಿದರು. ವಾಚಕರೇ, ಗದರಿಸುವ ಮೊದಲು ನಾವೂ ಒಮ್ಮೆ ಬಳಿಯಲ್ಲಿ ಕುಳಿತು, "ಏನು ಬರೆದೆಯಮ್ಮ? ಓದಿ ಹೇಳು" ಎಂದು ಕೇಳೋಣ.