ರಾವಣನ ಮನಃಪರಿವರ್ತನೆ: ಪಂಪರಾಮಾಯಣದ ಒಂದು ಸಂದರ್ಭ

ಅಭಿನವಪಂಪನೆಂದು ಖ್ಯಾತನಾದ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವು 16 ಆಶ್ವಾಸಗಳ ಚಂಪೂಕಾವ್ಯ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’, ಕ್ರಿ.ಶ. 677ರ ಸುಮಾರಿನ ರವಿಷೇಣಾಚಾರ್ಯರ ‘ಪದ್ಮಪುರಾಣ’ ಇವುಗಳ ಪರಂಪರೆಗೆ ಇದು ಸೇರಿದುದು. ಇಲ್ಲಿ ರಾವಣನು ರಾಕ್ಷಸವಂಶದ ವಿದ್ಯಾಧರ ಚಕ್ರವರ್ತಿ. ಶಲಾಕಾಪುರುಷರಲ್ಲಿ ಎಂಟನೆಯ ಪ್ರತಿವಾಸುದೇವ. ವಾಸುದೇವನಾದ ಲಕ್ಷ್ಮಣನಿಂದ ಅವನ ವಧೆ ನಿಶ್ಚಿತವಾದುದು. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ಅನಂತವೀರ್ಯ ಕೇವಲಿಗಳ ಸನ್ನಿಧಿಯಲ್ಲಿ ಅವನು ವ್ರತವನ್ನೂ ಪಡೆದಿದ್ದನು.

ಬಹುರೂಪಿಣೀವಿದ್ಯೆಯನ್ನು ಸಾಧಿಸಿದ ರಾವಣನು ಸೀತೆಯ ಬಳಿಗೆ ಬಂದಾಗ, ರಾಮನಿಗೊದಗಲಿರುವ ಆಪತ್ತನ್ನು ನೆನೆದು ಅವಳು ಮೂರ್ಛೆಹೋಗುತ್ತಾಳೆ. ಆ ದೈನ್ಯವನ್ನು ಕಂಡು ಅವನ ಮನಸ್ಸು ಕರಗುತ್ತದೆ. ಅನುರಕ್ತರಾದ ದಂಪತಿಗಳನ್ನು ಅಗಲಿಸಿದೆನೆಂದೂ ಹಿತವನ್ನು ನುಡಿದ ವಿಭೀಷಣನನ್ನು ಕಳೆದುಕೊಂಡೆನೆಂದೂ ತನ್ನನ್ನು ತಾನೇ ಹಳಿದುಕೊಳ್ಳುತ್ತಾನೆ. ಆದರೆ ಈಗಲೇ ಸೀತೆಯನ್ನು ಒಪ್ಪಿಸಿದರೆ ಲೋಕವು ಅಂಜಿದನೆನ್ನುವುದೆಂದು ಬಗೆದು, ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದ ಬಳಿಕ ಒಪ್ಪಿಸಲು ನಿಶ್ಚಯಿಸುತ್ತಾನೆ.

ಬಿ.ಎಂ.ಶ್ರೀ. ಅವರು ಈ ರಾವಣನಲ್ಲಿ ದುರಂತನಾಯಕನನ್ನು ಕಂಡರು. ಸಿದ್ಧಾಂತದೃಷ್ಟಿಯಿಂದ ನೋಡಿದರೆ, ಇಲ್ಲಿ ರಾಗವು ಉಪಶಮಿಸಿದರೂ ಮಾನಕಷಾಯವು ಉಳಿದಿದೆ. ಅವನಲ್ಲಿ ಮೂಡಿದ ಕರುಣೆ ಕಪಟವಲ್ಲ. ಆದರೆ ಅದು ಫಲಿಸಬೇಕಾದ ಕ್ಷಣವನ್ನು ಅವನು ಕೀರ್ತಿಗಾಗಿ ಮುಂದೂಡಿದನು. ಸೀತೆಯ ಸಂಕಟ ಹಾಗೆಯೇ ಉಳಿಯಿತು. ಎರಡು ಸೇನೆಗಳ ಪ್ರಾಣಹಾನಿಯೂ ತಪ್ಪಲಿಲ್ಲ. ಕೊನೆಗೆ ಅವನು ಪ್ರಯೋಗಿಸಿದ ಚಕ್ರರತ್ನವೇ ಲಕ್ಷ್ಮಣನ ಕೈಸೇರಿ ಅವನನ್ನು ಕೊಂದಿತು.

ರಾವಣನ ಜೀವವು ನರಕದುಃಖವನ್ನನುಭವಿಸಿ, ಭವಾಂತರಗಳನ್ನು ಕಳೆದು, ಮುಂದೆ ತೀರ್ಥಂಕರಪದವಿಯನ್ನು ಪಡೆಯುವುದೆಂದು ಪುರಾಣಪರಂಪರೆ ಹೇಳುತ್ತದೆ. ಆದುದರಿಂದ ಪತನೋನ್ಮುಖನಾದ ಈ ಅರಸನಲ್ಲಿ ಕವಿ ತೋರಿದ ಅನುಕಂಪವು ಆಗಮಕ್ಕೆ ಹೊರತಾದುದಲ್ಲ. ಭವ್ಯಜೀವದಲ್ಲಿರುವ ವಿಶ್ವಾಸವೇ ಅದಕ್ಕೆ ಆಧಾರ.