ಹಿಂಗಾರದ ಬಣ್ಣಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯ ಆಸುಪಾಸಿನ ಮಕ್ಕಳಿಗೆ ಅಡಿಕೆಯ ಹಿಂಗಾರ ಹೊಸತಲ್ಲ. ತುಳುವಿನಲ್ಲಿ ಅದು ಪಿಂಗಾರ. ನಾಗನ ತಂಬಿಲಕ್ಕೂ ದೈವದ ನೇಮಕ್ಕೂ ಅದು ಬೇಕೇ ಬೇಕು. ಆದರೆ ಇಂಗ್ಲಿಷ್ ಪ್ರಬಂಧದಲ್ಲಿ ಅದರ ಬಣ್ಣವನ್ನು ಹೇಳಬೇಕಾದಾಗ ಪೆನ್ನು ನಿಲ್ಲುತ್ತದೆ. ಅದು ಅಚ್ಚ ಬಿಳಿಯಲ್ಲ, ಪೂರ್ಣ ಹಳದಿಯೂ ಅಲ್ಲ. ಕೊನೆಗೆ ‘ಲೈಟ್ ಯೆಲ್ಲೊ’ ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು.

‘ಲೈಟ್ ಯೆಲ್ಲೊ’ ತಪ್ಪೇನಲ್ಲ. ಆದರೆ ಹಿಂಗಾರ, ಬೈಹುಲ್ಲು, ಹಾಲಿನ ಕೆನೆ, ಹಳೆಯ ಪುಸ್ತಕದ ಪುಟ ಎಲ್ಲಕ್ಕೂ ಅದೊಂದೇ ಮಾತಾದರೆ ಓದುವವರ ಕಣ್ಣೆದುರು ಯಾವುದೂ ನಿಲ್ಲುವುದಿಲ್ಲ.

ಇಂಗ್ಲಿಷ್ ಭಾಷೆ ಈ ತೊಡಕನ್ನು ಬಿಡಿಸಿಕೊಂಡ ಬಗೆ ಸರಳ. ಕಣ್ಣಿಗೆ ಕಂಡ ವಸ್ತುವಿನ ಹೆಸರನ್ನೇ ಅದು ಬಣ್ಣಕ್ಕೆ ಇಟ್ಟಿತು. ಹಾಲಿನ ಕೆನೆಯ ಬಣ್ಣ ‘ಕ್ರೀಮ್’. ಆನೆಯ ದಂತದ ಬಣ್ಣ ‘ಐವರಿ’. ಒಣಹುಲ್ಲಿನದು ‘ಸ್ಟ್ರಾ’, ನಿಂಬೆಹಣ್ಣಿನ ತಿಳಿಹಳದಿ ‘ಲೆಮನ್’. ಕಂದು ಬೆರೆತ ಮಾಸಲು ಹಳದಿಗೆ ‘ಬಫ್’ ಎನ್ನುತ್ತಾರೆ. ಎಮ್ಮೆ ಎಂಬ ಅರ್ಥದ ಫ್ರೆಂಚ್ ಪದದಿಂದ ಅದು ಬಂತು. ಮೊದಲು ಅದು ಚರ್ಮದ ಹೆಸರಾಗಿತ್ತು. ‘ಬೀಜ್’ ಕೂಡ ಫ್ರೆಂಚ್ ಪದವೇ. ಬಣ್ಣ ಹಾಕದ ಉಣ್ಣೆಗೆ ಆ ಹೆಸರಿತ್ತು.

‘ಖಾಕಿ’ಯಂತೂ ನಮ್ಮ ನೆಲದಿಂದ ಇಂಗ್ಲಿಷಿಗೆ ಹೋದ ಪದ. ಪರ್ಷಿಯನ್ ಮೂಲದ ‘ಖಾಕ್’ ಎಂದರೆ ಮಣ್ಣು, ಧೂಳು. ಉರ್ದುವಿನ ಮೂಲಕ ಅದು ಇಂಗ್ಲಿಷನ್ನು ಸೇರಿತು. 19ನೇ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯೂ ಖಾಕಿ ಬಟ್ಟೆಗೆ ಹೆಸರಾಗಿತ್ತು.

ಪದಗಳನ್ನು ಬಳಸುವಾಗ ಎಚ್ಚರವೂ ಬೇಕು. ‘ಪೇಲ್ ಯೆಲ್ಲೊ’ ಎಂದರೆ ತೆಳುಹಳದಿ. ಆದರೆ ಮುಖವನ್ನು ಬರೇ ‘ಪೇಲ್’ ಎಂದರೆ ಬಿಳಿಚಿಕೊಂಡಿದೆ ಎಂದರ್ಥ. ‘ಸ್ಯಾಲೊ’ ಎಂಬುದು ಕಳೆಗುಂದಿ ಹಳದಿಗೆ ತಿರುಗಿದ ಮೈಬಣ್ಣಕ್ಕೆ ಹೇಳುವ ಮಾತು. ಅದನ್ನು ಸೀರೆಗೋ ಗೋಡೆಗೋ ಬಳಸಿದರೆ ನಗೆಪಾಟಲಾದೀತು. ‘ಪ್ರಿಮ್‌ರೋಸ್’ ಇಂಗ್ಲೆಂಡಿನ ವಸಂತದಲ್ಲಿ ಅರಳುವ ತಿಳಿಹಳದಿ ಹೂವು. ಆ ಹೂವನ್ನು ಕಾಣದೆ ಪದವನ್ನಷ್ಟೇ ಬಾಯಿಪಾಠ ಮಾಡಿದರೆ ಪ್ರಯೋಜನ ಕಡಿಮೆ.

ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬಂದ ಎಷ್ಟೋ ವಿದ್ಯಾರ್ಥಿಗಳು ತಮ್ಮಲ್ಲಿ ಪದಗಳೇ ಇಲ್ಲವೆಂದು ಕುಗ್ಗುತ್ತಾರೆ; ಇಂಗ್ಲಿಷ್ ಪಾಠದಲ್ಲಿ ತಮ್ಮ ಮನೆ, ತೋಟಗಳಿಗೆ ಜಾಗವಿಲ್ಲ ಎಂದುಕೊಳ್ಳುತ್ತಾರೆ. ಪದ ಗೊತ್ತಿಲ್ಲದಿರಬಹುದು, ಆದರೆ ಬಣ್ಣ ಗೊತ್ತಿದೆ. ಗದ್ದೆಯ ಬೈಹುಲ್ಲನ್ನು ದಿನವೂ ಕಾಣುವ ಹುಡುಗಿಗೆ ‘ಸ್ಟ್ರಾ’ ಎಂಬ ಪದ ಒಮ್ಮೆ ಕೇಳಿದರೆ ಸಾಕು, ಮರೆಯುವುದಿಲ್ಲ.

ಇಲ್ಲಿ ಇಂಗ್ಲಿಷ್ ಬಾರದ ತಂದೆತಾಯಿಯೂ ನೆರವಾಗಬಲ್ಲರು. ಬಟ್ಟೆಯಂಗಡಿಯಲ್ಲೋ ಅಂಗಳದಲ್ಲೋ ‘ಇದು ಯಾವುದರ ಬಣ್ಣದ ಹಾಗಿದೆ?’ ಎಂದು ಮಗುವನ್ನು ಕೇಳಬೇಕು. ಕೆನೆಯೋ ನಿಂಬೆಯೋ ಗಂಧವೋ ಎಂದು ಮಗು ಯೋಚಿಸಿದ ಮೇಲೆ ಇಂಗ್ಲಿಷ್ ಪದವನ್ನು ನಿಘಂಟಿನಲ್ಲಿ ಹುಡುಕುವುದು ಸುಲಭ.

ಹಾಗಾದರೆ ಹಿಂಗಾರ? ಆಗಷ್ಟೇ ಬಿರಿದದ್ದಕ್ಕೆ ‘ಐವರಿ’ ಅಥವಾ ‘ಕ್ರೀಮ್’ ಹೊಂದುತ್ತದೆ. ‘ಪಿಂಗಾರ’ ಎಂದೇ ಬರೆದು, ಅದು ಅಡಿಕೆಯ ಹೂಗೊಂಚಲು ಎಂದು ಒಂದು ವಾಕ್ಯದಲ್ಲಿ ವಿವರಿಸಿದರೆ ಇನ್ನೂ ಚೆನ್ನ. ‘ಪ್ರಿಮ್‌ರೋಸ್’ ಕಾಣದ ನಾವು ಅದರ ಬಣ್ಣ ತಿಳಿದುಕೊಂಡಂತೆ, ಪಿಂಗಾರ ಕಾಣದವರೂ ನಮ್ಮ ಮಕ್ಕಳ ಬರಹದಿಂದ ಅದನ್ನು ತಿಳಿಯಲಿ.