ಬಿಲ್ಲಿನ ತುದಿಯಲ್ಲೊಬ್ಬ ಕವಿ

ಎಂ.ಎ. ಕನ್ನಡ ಓದುವಾಗ ನಮಗೆ 9ನೇ ಶತಮಾನದ ಆನಂದವರ್ಧನನ ಧ್ವನಿ ಸಿದ್ಧಾಂತ ಪಾಠಕ್ಕಿತ್ತು. ಬಾಯಿಬಿಟ್ಟು ಹೇಳಿದ್ದಕ್ಕಿಂತ ಅದರೊಳಗೆ ಹೊಳೆಯುವ ಅರ್ಥವೇ ಕಾವ್ಯದ ಜೀವ ಎಂದು ಬರೆದು ಅಂಕ ತಗೊಂಡಿದ್ದೂ ಆಗಿತ್ತು. ಅದು ತಲೆಗೆ ಹೋಗಿದ್ದು ಮಾತ್ರ ಮೈಲಾರದ ಜಾತ್ರೆಯಲ್ಲಿ, ಅಜ್ಜಿಯ ಕೈ ಹಿಡಿದು ನಿಂತಾಗ.

ನಮ್ಮೂರು ಹಿರೇಹಡಗಲಿ. ಭರತ ಹುಣ್ಣಿಮೆ ಬಂತೆಂದರೆ ಚಕ್ಕಡಿ, ಟ್ರ್ಯಾಕ್ಟರ್‌ಗಳೆಲ್ಲ ಮೈಲಾರದ ಕಡೆ ಮುಖ ಮಾಡುತ್ತವೆ. ಆ ವರ್ಷ ನಮ್ಮ ಮನೆಯಲ್ಲಿ ಒಂದು ಮಾತು ಇತ್ಯರ್ಥವಾಗದೆ ಉಳಿದಿತ್ತು. ನನ್ನನ್ನು ಧಾರವಾಡಕ್ಕೆ ಕೋಚಿಂಗ್‌ಗೆ ಕಳಿಸಲು ಅಪ್ಪ ಎರಡೆಕರೆ ಹೊಲ ಮಾರಲು ಹೊರಟಿದ್ದ. ಅಜ್ಜಿ ಸುತರಾಂ ಒಪ್ಪಿರಲಿಲ್ಲ. ನಾನು ಬಾಯಿಯೇ ಬಿಟ್ಟಿರಲಿಲ್ಲ.

ಡೆಂಕನ ಮರಡಿಯಲ್ಲಿ ಕಾಲಿಡಲು ಜಾಗವಿಲ್ಲ. ಡಮರುಗ, ‘ಏಳುಕೋಟಿ’ ಘೋಷ, ಭಂಡಾರದ ಹಳದಿ ಧೂಳು. ಹನ್ನೊಂದು ದಿನ ಉಪವಾಸವಿದ್ದ ಗೊರವಯ್ಯ ಸರಸರ ಬಿಲ್ಲನ್ನೇರಿದರು. ತುದಿಯಲ್ಲಿ ನಿಂತು ಮುಗಿಲು ನೋಡಿ ‘ಸದ್ದಲೇ’ ಎಂದರು. ಲಕ್ಷಾಂತರ ಜನ ಗಪ್ಪಾದರು. ಪಕ್ಕದ ಕೂಸಿನ ಕಾಲ್ಗೆಜ್ಜೆ ನನಗೆ ಕೇಳಿಸಿತು! ಕಾಲೇಜಿನ ಕವಿಗೋಷ್ಠಿಯಲ್ಲಿ ನೂರು ಜನರನ್ನು ಸುಮ್ಮನಾಗಿಸಲು ನಾವು ಪಟ್ಟ ಪಾಡು ನೆನಪಾಯಿತು.

ಆಮೇಲೆ ಒಂದೇ ಒಂದು ಸಾಲು. ಕೆಲವೇ ಪದ. ಹೇಳಿದವರೇ ಮೇಲಿನಿಂದ ಬಿದ್ದರು, ಕೆಳಗಿದ್ದವರು ಹಿಡಿದುಕೊಂಡರು. ವಿವರಣೆಗೆ ಅವರು ನಿಲ್ಲಲಿಲ್ಲ. ಅದನ್ನು ದೈವವಾಣಿ ಎನ್ನುವವರ ಜೊತೆ ನನ್ನ ತಕರಾರಿಲ್ಲ. ನನಗದು ಕವಿತೆಯಾಗಿಯೂ ಕೇಳಿಸಿತು, ಅಷ್ಟೇ. ಆ ಸಾಲನ್ನು ಇಲ್ಲಿ ಬರೆಯುವುದಿಲ್ಲ. ಮರುದಿನ ಪೇಪರಿನಲ್ಲಿ ಓದಿದಾಗ ಬರೀ ಗಾದೆಯಂತೆ ಕಂಡಿತ್ತು.

ವಾಪಸ್ ಬರುವಾಗ ಟ್ರ್ಯಾಕ್ಟರ್ ತುಂಬ ಅದೇ ಮಾತು. ಒಬ್ಬರಿಗೆ ಅದು ಮಳೆ, ಇನ್ನೊಬ್ಬರಿಗೆ ಉಳ್ಳಾಗಡ್ಡಿ ರೇಟು, ಹಿಂದೆ ಕೂತವರಿಗೆ ಸರ್ಕಾರ ಬೀಳುವ ಸೂಚನೆ.

“ಹೊಲ ಹೋದ್ರೂ ಮಗಗ ಒಳ್ಳೇದಾಗತೈತಿ ಅಂದಂಗಾತು” ಎಂದ ಅಪ್ಪ.

“ನನಗ ಮಣ್ಣು ಬಿಡಬ್ಯಾಡ ಅಂದಂಗ ಕೇಳಿಸ್ತಪ್ಪ” ಎಂದಳು ಅಜ್ಜಿ.

ಇಬ್ಬರೂ ಕೇಳಿದ್ದು ಅದೇ ಸಾಲು! ನನಗೆ ನಗು ಬಂತು. ಅಜ್ಜಿ ತಿರುಗಿ ನೋಡಿದಳು. “ನಗ್ತೀ ಯಾಕ? ನಿನಗೇನ್ ಕೇಳಿಸ್ತು ಹೇಳು ತಮ್ಮಾ.”

ಇಷ್ಟು ದಿನದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಧಾರವಾಡಕ್ಕೆ ಹೋಗಿ ನಾಪಾಸಾದರೆ ಆ ಎರಡೆಕರೆಯ ಮುಖ ಹೇಗೆ ನೋಡಲಿ ಎಂಬ ಹೆದರಿಕೆ ತಿಂಗಳಿಂದ ಎದೆಯಲ್ಲಿತ್ತು. ಅದನ್ನೇ ಹೇಳಿದೆ. ಕಾರಣಿಕಕ್ಕೂ ಅದಕ್ಕೂ ಏನು ಸಂಬಂಧವೋ ಗೊತ್ತಿಲ್ಲ, ಬಾಯಿಗೆ ಬಂದಿದ್ದು ಅದು. “ಹಡಗಲಿ ಲೈಬ್ರರಿಯಾಗ ಕುಂತು ಓದ್ತೀನಿ, ಒಂದು ವರ್ಷ ನೋಡ್ರಿ” ಎಂದೆ. ಅಪ್ಪ ಊರು ಬರುವವರೆಗೂ ಮಾತಾಡಲಿಲ್ಲ. ಇಳಿಯುವಾಗ “ಆತು” ಎಂದ.

ಮೊದಲ ಸಲ ಎಫ್‌ಡಿಎ ಪರೀಕ್ಷೆ ಕೈಕೊಟ್ಟಿತು. ಎರಡನೆಯದರ ಫಲಿತಾಂಶ ಇನ್ನೂ ಬಂದಿಲ್ಲ. ಹೊಲದಲ್ಲಿ ಈಗ ಮೆಕ್ಕೆಜೋಳ ಎದೆಮಟ್ಟ ಬಂದಿದೆ.